ಅಕ್ಕ ಒಬ್ಬಳೇ ಹಾಡಿದ್ದು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆಯಿಂದ ರೆಕಾರ್ಡಿಂಗಿನಲ್ಲಿ ಸೇರಿಕೊಂಡ ಕೆಮ್ಮು ಒರೆಸುವ ಕೆಲಸ. ಹೊಸ ಸಿ.ಡಿ.ಯ ಎರಡನೇ ಸ್ತುತಿಗೀತೆ. ಆರ್ಗನ್ ಮೆಲ್ಲಗೆ ಇಳಿಯುವ ಹೊತ್ತಿಗೇ ಯಾರೋ ಪುಣ್ಯಾತ್ಮ ಗಂಟಲು ಸರಿಮಾಡಿಕೊಂಡಿದ್ದಾನೆ. ಕ್ಯಾಥೆಡ್ರಲ್‌ನ ಕಲ್ಲುಗೋಡೆ ಯಾವ ಸದ್ದನ್ನೂ ಸುಮ್ಮನೆ ಬಿಡುವುದಿಲ್ಲ... ಮೇಲೆಲ್ಲ ಸುತ್ತಾಡಿಸಿ ವಾಪಸ್ ಕಳಿಸುತ್ತದೆ. ಒಂದು ಕೆಮ್ಮಿಗೆ ಅರ್ಧ ದಿನ ಹೋಯಿತು. ಹಾಳೆ ತಿರುಗಿಸುವ ಸದ್ದು ಇನ್ನೂ ಇದೆ. ಇರಲಿ.

ಮಧ್ಯಾಹ್ನ ಭಾವನ ಫೋನ್. ಅಕ್ಕನ ರಿಪೋರ್ಟ್ ಬಂದಿದೆ. "ಗಂಟಲಲ್ಲಿರೋದು ಅದೇ ಅಂತೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಂತೆ" ಅಂದರು.  ಇಬ್ಬರೂ ಫೋನ್ ಇಡಲಿಲ್ಲ.

ಫೆಬ್ರವರಿ 4

ಅಕ್ಕನ ಮನೆಗೆ ಹೋಗಿದ್ದೆ. ಬಟ್ಟೆ ಮಡಿಸುತ್ತಾ ಕೂತಿದ್ದಳು, ಏನೂ ಆಗೇ ಇಲ್ಲ ಅನ್ನುವ ಹಾಗೆ. ಹಾಡುವ ದನಿ ಹೋಗಿ ತಿಂಗಳುಗಳೇ ಆದವು. ಈಗ ಮಾತೂ ಬರೀ ಗೊರಗೊರ. ಆಪರೇಷನ್ ಹದಿನೇಳಕ್ಕೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ.

"ಒಂದು ಕೆಲಸ ಮಾಡ್ತೀಯಾ?"

"ಹೇಳು."

"ನನ್ನ ದನಿ ನಂಗೊಂದ್ಸಲ ಕೇಳ್ಸು. ಗುಂಪಿಂದಲ್ಲ, ನಂದು. ಹೋಗೋದಕ್ಕೆ ಮುಂಚೆ ಅದು ಹೆಂಗಿತ್ತು ಅಂತ ನೋಡ್ಬೇಕು."

ಅಷ್ಟೇನಾ ಅಂದೆ. ಇಷ್ಟು ವರ್ಷ ಆ ಕ್ಯಾಥೆಡ್ರಲ್‌ನ ಹಾಡು, ಆರ್ಗನ್ ಎಲ್ಲ ರೆಕಾರ್ಡ್ ಮಾಡಿದವಳು ನಾನು. ಅಷ್ಟೂ ವರ್ಷ ಆಲ್ಟೊ ಸಾಲಿನಲ್ಲಿ, ಅಂದರೆ ಹೆಂಗಸರ ಕೆಳದನಿಯ ಸಾಲಿನಲ್ಲಿ, ಎಡತುದಿಗೆ ನಿಂತವಳು ಅವಳು. ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದುಕೊಡ್ತೀನಿ ಕಣೆ ಅಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ.

ಫೆಬ್ರವರಿ 7

ಇಲ್ಲ. ಎಲ್ಲೂ ಇಲ್ಲ.

ಇದ್ದಾಳೆ, ಖಂಡಿತ ಇದ್ದಾಳೆ — ಪ್ರತಿ ಹಾಡಿನಲ್ಲೂ. ಆದರೆ ಹಾಲಿಗೆ ಬಿದ್ದ ಸಕ್ಕರೆಯ ಹಾಗೆ. ಎಡ ಮೈಕ್ ಒಂದನ್ನೇ ಇಟ್ಟುಕೊಂಡು ಕೇಳಿದೆ. ಆರ್ಗನ್ ಪೂರ್ತಿ ತಗ್ಗಿಸಿದೆ. ಆಲ್ಟೊ ಸಾಲು ಸಿಗುತ್ತದೆ, ಅಕ್ಕ ಸಿಗುವುದಿಲ್ಲ.

ಕ್ವಾಯರ್ ಮೇಷ್ಟ್ರ ಹತ್ತಿರ ಹೋದೆ. ಯಾವುದಾದರೂ ಹಾಡಿನಲ್ಲಿ ಅವಳೊಬ್ಬಳೇ ಒಂದು ಸಾಲು ಹಾಡಿದ್ದುಂಟಾ ಅಂತ ಕೇಳಿದೆ.

"ಯಾರ ದನಿ ನಂಗೆ ಬೇರೆಯಾಗಿ ಕೇಳ್ಸುತ್ತೋ ಅವರು ತಪ್ಪು ಹಾಡ್ತಿದ್ದಾರೆ ಅಂತ ಲೆಕ್ಕ. ನಿಮ್ಮ ಅಕ್ಕ ಒಂದು ದಿನಾನೂ ಕೇಳ್ಸಿಲ್ಲಮ್ಮ. ಅಂಥವರು ಸಿಗೋದು ಕಷ್ಟ."

ಅದು ಅವರ ಬಾಯಲ್ಲಿ ದೊಡ್ಡ ಮೆಚ್ಚುಗೆ. ಮುದುಕರ ಕಣ್ಣಲ್ಲಿ ನೀರೂ ಬಂತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಅಷ್ಟು ಚೆನ್ನಾಗಿ ಹಾಡಿದ್ದಕ್ಕೇ ಇಲ್ಲವಾಗಿದ್ದಾಳೆ.

ಫೆಬ್ರವರಿ 10

ಭಾವ ತಮ್ಮ ಫೋನ್ ಜಾಲಾಡಿದರು. ಸಿಕ್ಕಿದ್ದು ಅಕ್ಕನ ಒಂದೇ ಒಂದು ವಾಯ್ಸ್ ಮೆಸೇಜ್ — "ಬರ್ತಾ ಬಲ್ಬ್ ತನ್ನಿ, ಬಚ್ಚಲಿಂದು ಹೋಗಿದೆ." ಅದನ್ನೇ ತಿರುಗಿ ತಿರುಗಿ ಹಾಕಿಕೊಳ್ಳುತ್ತಾ ಕೂತಿದ್ದಾರೆ, ಪಾಪ.

"ಮನೇಲಿ ಹಾಡ್ಕೋತಿದ್ಳಲ್ಲ ಭಾವ. ಒಂದಿನಾನೂ ರೆಕಾರ್ಡ್ ಮಾಡ್ಕೊಳ್ಳಿಲ್ವಾ?"

"ದಿನಾ ಕೇಳ್ತಿದ್ದೆ. ದಿನಾ ಕೇಳೋದನ್ನ ಯಾರು ರೆಕಾರ್ಡ್ ಮಾಡ್ಕೋತಾರೆ?"

ನನ್ನ ಕೆಲಸವೇ ಅದು. ನಾನೇ ಮಾಡಲಿಲ್ಲ. ಅವರನ್ನೇನು ಕೇಳುವುದು.

ಕೆಲಸಕ್ಕೆ ರಜೆ ಹಾಕಿದ್ದೇನೆ. ಕಿವಿ ನೋಯುತ್ತಿದೆ. ಅಕ್ಕ ಇವತ್ತು ಫೋನಿನಲ್ಲಿ "ಸಿಕ್ತಾ?" ಅಂದಳು. ಸಿಕ್ಕಿದ ಹಾಗೇ ಅಂದೆ. ಸುಳ್ಳು.

ಫೆಬ್ರವರಿ 13, ಸಂಜೆ

ಪೆಡಲ್ ಮಾಮ ಸಿಕ್ಕಿದ್ದರು. ಆರ್ಗನ್ ನುಡಿಸುವವರು. ಪೆಡಲ್ ತುಳಿದೂ ತುಳಿದೂ ಬಸ್ಸಿನಲ್ಲಿ ಕೂತರೂ ಅವರ ಕಾಲು ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ನನ್ನ ಮುಖ ನೋಡಿ ಏನಮ್ಮಾ ಅಂದರು. ಹೇಳಿಕೊಂಡೆ.

"ಕರೆಂಟ್ ಹೋದ ದಿನದ್ದು ನೋಡಿದ್ಯಾ? ಅದೇ, ನನ್ನ ಆರ್ಗನ್ ಎಮ್ಮೆ ಥರ ನರಳಿತಲ್ಲ!"



ನೆನಪಿದೆ. ಸಂಜೆಯ ಸ್ತುತಿಗೀತೆಯ ರೆಕಾರ್ಡಿಂಗ್. ಆರ್ಗನ್ನಿಗೆ ಗಾಳಿ ಊದುವ ಮೋಟರ್ ನಿಂತಿತು. ಕೊಳವೆಗಳಲ್ಲಿದ್ದ ಗಾಳಿ ಇಳಿಯುತ್ತಾ ಸ್ವರವೂ ಇಳಿಯುತ್ತಾ ಹೋಯಿತು. ಎಲ್ಲ ಕಪ್ಪು. ಒಬ್ಬೊಬ್ಬರೇ ಹಾಡು ಬಿಟ್ಟರು. ಅಕ್ಕ ಬಿಡಲಿಲ್ಲ. ಮೇಷ್ಟ್ರು ಕೈ ಇಳಿಸುವ ತನಕ ಹಾಡು ನಿಲ್ಲಿಸಬಾರದು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಆ ಕತ್ತಲಲ್ಲಿ ಮೇಷ್ಟ್ರ ಕೈ ಯಾರಿಗೆ ಕಾಣುತ್ತದೆ? ಕೈ ಇಳಿದದ್ದು ಕಾಣಲಿಲ್ಲ, ಹಾಡುತ್ತಲೇ ಇದ್ದಳು ಪೆದ್ದಿ. ದೀಪ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಕ್ಕ ನಾಚಿಕೆಯಿಂದ ಟೀ ಕೂಡ ಕುಡಿಯದೆ ಹೋದಳು.

ನನ್ನ ಮೆಷಿನ್ ಬ್ಯಾಟರಿಯಲ್ಲಿ ಓಡುತ್ತಿತ್ತು.

ಕೆಟ್ಟ ಟೇಕ್‌ಗಳನ್ನು ಅಳಿಸಿಬಿಡುವುದು ರೂಢಿ. ಅಳಿಸಿದ್ದೇನಾ? ದೇವರೇ, ಅಳಿಸಿದ್ದೇನಾ?

ಫೆಬ್ರವರಿ 15

ಸಿಕ್ಕಿತು. ಸ್ಟುಡಿಯೋದ ಸ್ಟೋರ್ ರೂಮಿನಲ್ಲಿ, ಕೆಟ್ಟ ಫ್ಯಾನಿನ ಹಿಂದೆ ಒಂದು ಹಳೇ ಡಿಸ್ಕ್. ಸೋಮಾರಿತನಕ್ಕೆ ಅಳಿಸದೆ ಬಿಟ್ಟಿದ್ದು. ಮೊದಲ ಸಲ ನನ್ನ ಸೋಮಾರಿತನಕ್ಕೆ ಕೈ ಮುಗಿದೆ.

ಹೆಡ್‌ಫೋನ್ ಹಾಕಿಕೊಂಡೆ. ಆರ್ಗನ್ ನರಳುತ್ತಾ ಇಳಿಯಿತು. ಗಂಡಸರು ನಿಂತರು. ಮೇಲುದನಿಯವರು ನಿಂತರು. ಯಾರೋ ಕಿಸಕ್ಕೆಂದರು. ಆಮೇಲೆ... ಅಕ್ಕ. ಆ ದೊಡ್ಡ ಕಟ್ಟಡದಲ್ಲಿ ಅಕ್ಕ ಒಬ್ಬಳೇ. ಆರ್ಗನ್ ಇಳಿದರೂ ಅವಳು ಇಳಿದಿಲ್ಲ, ಇದ್ದ ಸ್ವರದಲ್ಲೇ ನಿಂತಿದ್ದಾಳೆ.

ತಕ್ಷಣ ಇನ್ನೊಂದು ದನಿ. "ನಿಲ್ಸಿ, ನಿಲ್ಸಿ! ಕರೆಂಟ್ ಹೋಗಿದೆ, ನಿಲ್ಸಿ!"

ನಾನು.

ಎಡ ಮೈಕಿನ ಪಕ್ಕದಲ್ಲೇ ನನ್ನ ಮೇಜು. ಅವಳ ಸಾಲಿನ ಮೇಲೆಲ್ಲ ನಾನೇ ಕಿರುಚುತ್ತಿದ್ದೇನೆ. ಎರಡು ಕಿರುಚಾಟದ ನಡುವೆ ಒಂದು ಉಸಿರಿನಷ್ಟು ಜಾಗದಲ್ಲಿ ಮಾತ್ರ ಅವಳು. ಹೆಡ್‌ಫೋನ್ ಕಿತ್ತು ಮೇಜಿಗೆ ಕುಕ್ಕಿದೆ. ಒಂದು ಕಡೆ ಒಡೆಯಿತು.

ಫೆಬ್ರವರಿ 16, ಬೆಳಿಗ್ಗೆ

ನನ್ನನ್ನು ಅಳಿಸಲು ಆಗುತ್ತಿಲ್ಲ. ಕೆಮ್ಮು ಅಳಿಸಿದೆ, ಬಾಗಿಲ ಸದ್ದು ಅಳಿಸಿದೆ, ಪಾರಿವಾಳದ ರೆಕ್ಕೆ ಅಳಿಸಿದೆ, ಜೀವಮಾನವಿಡೀ ಅದನ್ನೇ ಮಾಡಿದೆ. ನನ್ನನ್ನು ತೆಗೆದರೆ ಅಕ್ಕನೂ ಹೋಗುತ್ತಾಳೆ. ಉಳಿಯುವುದು ಡಬ್ಬದೊಳಗಿನ ಸದ್ದು. ಕಂಪ್ಯೂಟರಿಗೆ ನಾವಿಬ್ಬರೂ ಒಂದೇ ಮನುಷ್ಯ. ಅದನ್ನೇನು ಬೈಯುವುದು, ಫೋನಿನಲ್ಲಿ ಹೆತ್ತ ಅಮ್ಮನೇ ಮೋಸ ಹೋಗುತ್ತಿದ್ದಳು.

ಆಪರೇಷನ್ ನಾಳೆ. ಹೇಗಿದೆಯೋ ಹಾಗೇ ತೆಗೆದುಕೊಂಡು ಹೋಗುತ್ತೇನೆ.

ಅದೇ ದಿನ, ಆಸ್ಪತ್ರೆ

ಕೇಳಿಸಿದೆ. ಅವಳ ಕಿವಿಗೆ ಇಯರ್‌ಫೋನ್ ಇಟ್ಟು ನಾನು ಕಿಟಕಿ ಕಡೆ ತಿರುಗಿ ನಿಂತೆ. ಮುಖ ನೋಡುವ ಧೈರ್ಯ ಇರಲಿಲ್ಲ.

ಸುಮಾರು ಹೊತ್ತಾದ ಮೇಲೆ ಸೆರಗು ಎಳೆದಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು.

"ನೀನು ನಿಲ್ಸಿ ನಿಲ್ಸಿ ಅಂತ ಬಡ್ಕೋತಿದ್ದೀಯ. ನಾನು ನಿಲ್ಸೇ ಇಲ್ಲ ನೋಡು."

ತಪ್ಪಾಯ್ತು ಕಣೆ ಅಂದೆ. ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಸಲ ಹಾಕಿಸಿಕೊಂಡಳು. ಮತ್ತೊಂದು ಸಲ. ಆ ಗೊರಗೊರದಲ್ಲೇ ಹೇಳಿದಳು — "ಚೆನ್ನಾಗಿತ್ತಲ್ಲೇ."

ಇತ್ತು ಅಂದಳು. ನಾನು ಹೊರಗೆ ಬಂದು ನೀರಿನ ಫಿಲ್ಟರ್ ಪಕ್ಕ ನಿಂತು ಅತ್ತೆ. ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದವರು ಪಾಪ, ಸುಮ್ಮನೆ ಕಾದರು.

ಫೆಬ್ರವರಿ 17

ಒಳಗೆ ಕರೆದುಕೊಂಡು ಹೋದರು. ಬಾಗಿಲ ತನಕ ಭಾವನ ಜೊತೆ ಮಾತಾಡುತ್ತಲೇ ಹೋದಳು. ಬಚ್ಚಲಿನ ಬಲ್ಬ್ ಹಾಕಿಸಿದ್ರಾ ಅಂತ.

ಫೆಬ್ರವರಿ 22, ಮಧ್ಯಾಹ್ನ

ವಾರ್ಡಿಗೆ ತಂದಿದ್ದಾರೆ. ಗಂಟಲಿನಲ್ಲಿ ತೂತು, ಅದರಲ್ಲೇ ಉಸಿರು. ಕೆಮ್ಮಿದರೂ ಬರೀ ಗಾಳಿ ಬರುತ್ತದೆ. ಭಾವ ಊಟಕ್ಕೆ ಹೋಗಿದ್ದಾರೆ. ನಾವಿಬ್ಬರೇ.

ರೆಕಾರ್ಡಿಂಗ್ ಹಾಕಲಾ ಅಂದೆ. ಬೇಡ ಅಂತ ತಲೆ ಆಡಿಸಿದಳು. ಸ್ಲೇಟ್ ತೆಗೆದುಕೊಂಡು ಬರೆದಳು: ನೀ ಹಾಡು.

"ನಂಗೆಲ್ಲಿ ಹಾಡೋಕೆ ಬರುತ್ತೆ? ತಲೆ ಕೆಟ್ಟಿದ್ಯಾ?"

ಒರೆಸಿ ಮತ್ತೆ ಬರೆದಳು: ದನಿ ಇದೆಯಲ್ಲ.

ಬಾಗಿಲು ಮುಂದೆ ಮಾಡಿ ಬಂದು ಶುರು ಮಾಡಿದೆ. ಸಂಜೆಯ ಸ್ತುತಿಗೀತೆ, ಮೊದಲ ಸಾಲು. ನನ್ನ ಬಾಯಿಂದ ಅಕ್ಕ ಬಂದಳು. ಶ್ರುತಿ ಇಲ್ಲ, ತಾಳ ಇಲ್ಲ, ಆದರೆ ದನಿ ಅದೇ. ಅಕ್ಕ ಮುಖ ಗೋಡೆ ಕಡೆ ತಿರುಗಿಸಿದಳು. ಭುಜ ಅಲುಗುತ್ತಿತ್ತು. ಹೆದರಿ ನಿಲ್ಲಿಸಿಬಿಟ್ಟೆ.

ತಿರುಗದೆಯೇ ಮಂಚ ತಟ್ಟುತ್ತಿದ್ದಾಳೆ. ಮುಂದೆ, ಮುಂದೆ.

ಮುಂದಿನ ಸಾಲು ಗೊತ್ತಿಲ್ಲ ನನಗೆ. ಸಾವಿರ ಸಲ ಕೇಳಿದ್ದೇನೆ. ಕೆಮ್ಮು ಎಲ್ಲಿದೆ ಗೊತ್ತು, ಹಾಳೆ ಎಲ್ಲಿ ತಿರುಗುತ್ತದೆ ಗೊತ್ತು, ಸಾಲು ಗೊತ್ತಿಲ್ಲ. ನೆನಪಾಗಲಿ ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ. ಬರುತ್ತಿಲ್ಲ. ಅವಳನ್ನು ಕೇಳೋಣವೆಂದರೆ ಈ ಕಡೆ ತಿರುಗುತ್ತಲೇ ಇಲ್ಲ, ಸ್ಲೇಟೂ ಮುಟ್ಟುತ್ತಿಲ್ಲ.

ಮತ್ತೆ ತಟ್ಟುತ್ತಿದ್ದಾಳೆ. ಮೊದಲ ಸಾಲನ್ನೇ ಇನ್ನೊಮ್ಮೆ ಹಾಡುತ್ತೇನೆ.