ಜನ ಕಂಡರೆ ಬಿಸಿಯಾಗುವ ಮೋಟಾರು

ನರಸಿಂಹರಾಜಪುರ
8-12-2025, ಸೋಮವಾರ

ಪ್ರೀತಿಯ ಅಬ್ಬಾ,

ನಿಮ್ಮ ತಸ್ಮಿಯಾಳ ಸಲಾಮ್. ಕಾಲು ಹೇಗಿದೆ? ಪ್ಲಾಸ್ಟರಿನ ಒಳಗೆ ತುರಿಸುತ್ತದೆ ಎಂದು ಕೊಡೆಯ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೀರಂತೆ. ಮೆಹ್ನಾಜ್ ಆಪಾ ಫೋನಿನಲ್ಲಿ ದೂರು ಹೇಳಿದಳು. ದಯವಿಟ್ಟು ಹಾಗೆ ಮಾಡಬೇಡಿ, ಆಪಾಳ ಮನೆಯಲ್ಲಿ ಇರುವುದು ಒಂದೇ ಕೊಡೆ. ಅಮ್ಮಿಗೆ ಕೊಪ್ಪದ ನೀರು ಒಗ್ಗಿತೇ? ಇಲ್ಲಿ ನಾವಿಬ್ಬರೂ ಆರಾಮವಾಗಿದ್ದೇವೆ. ದಾದಿಮಾಗೆ ಬೆಳಿಗ್ಗೆ ಎದ್ದಾಗ ಮಂಡಿ ನೋವು ಇರುತ್ತದೆ, ಯಾರಾದರೂ ಮಾತಿಗೆ ಸಿಕ್ಕಿದರೆ ಮರೆತುಹೋಗುತ್ತದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಫೋನಿನಲ್ಲಿ ನೀವು "ಮೋಟಾರ್ ಹೇಗಿದೆ?" ಎಂದ ಕೂಡಲೇ ನನ್ನ ಬಾಯಿ ಒಣಗುತ್ತದೆ. ಹೋದ ಸೋಮವಾರ ನೀವು "ಬಿಡು ಬೇಟಾ, ಅದು ನಿನ್ನ ಕೈಗೆ ಬಗ್ಗೋದಲ್ಲ. ಮುತ್ತಿನಕೊಪ್ಪದ ರಾಜೇಶ ದೋಣಿ, ಮೋಟಾರ್ ಎರಡೂ ಕೇಳ್ತಿದ್ದಾನೆ. ಭಾನುವಾರ ಬಂದು ನೋಡ್ತಾನೆ, ಕೊಟ್ಟುಬಿಡೋಣ" ಎಂದಾಗಲೂ ನಾನು "ಹ್ಞೂಂ" ಎಂದುಬಿಟ್ಟೆ. ಆ ಹ್ಞೂಂ ಗಂಟಲಿನಿಂದ ತಾನಾಗಿ ಬಂದದ್ದು ಅಬ್ಬಾ, ನಾನು ಹೇಳಿದ್ದಲ್ಲ. ಫೋನ್ ಇಟ್ಟ ಮೇಲೆ ಕಡವಿಗೆ ಹೋಗಿ ದೋಣಿಯಲ್ಲಿ ಸುಮ್ಮನೆ ಕೂತಿದ್ದೆ. ಆರನೇ ಕ್ಲಾಸಿನ ಹೊಸ ಸ್ಕೂಲಿನಲ್ಲಿ ಮೇಷ್ಟ್ರಿಗೆ ನನ್ನ ಹೆಸರು ಹೇಳಲೂ ಬಾಯಿ ಬಾರದೆ ಅಳುತ್ತಾ ಓಡಿಬಂದೆನಲ್ಲ, ಆಗ ನೀವು ಬೈಯದೆ ಇದೇ ದೋಣಿಯಲ್ಲಿ ಕೂರಿಸಿಕೊಂಡು ಹಿನ್ನೀರು ಸುತ್ತಿಸಿದಿರಿ. ಅವತ್ತಿನಿಂದ ನನ್ನ ಸ್ಕೂಲು ಇದೇ. ಇದನ್ನು ಕೊಟ್ಟುಬಿಟ್ಟರೆ ನಾನು ಎಲ್ಲಿಗೆ ಹೋಗಲಿ? ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಕಾಗದದ ಎದುರು ನಾಚಿಕೆಯಾಗುವುದಿಲ್ಲ, ಅದು ತಿರುಗಿ ನೋಡುವುದಿಲ್ಲವಲ್ಲ.

ಈಗ ಸಂತೋಷದ ಸುದ್ದಿ. ಮೋಟಾರಿನ ಕಾಯಿಲೆ ಸಿಕ್ಕಿತು! ಆದರೆ ನೀವು ನಡುವೆ ಹಾರಿ ಓದಬಾರದು, ನಾನು ಮೊದಲಿನಿಂದ ಹೇಳುತ್ತೇನೆ. ನೀವು ಕಾಲು ಮುರಿದುಕೊಂಡ ಮೇಲೆ ಜನರನ್ನು ದಾಟಿಸಲು ದೋಣಿ ನಾನು ಹಿಡಿದೆ. ನೀವು ಕಲಿಸಿದ್ದು ನೆನಪಿತ್ತು: ಮೋಟಾರು ಅಡಿಯ ಜಾಲರಿಯಿಂದ ಹಿನ್ನೀರನ್ನೇ ಎಳೆದು, ಮೈಯೊಳಗೆಲ್ಲ ಸುತ್ತಿಸಿ ತಣ್ಣಗಾಗಿ, ಪಕ್ಕದ ತೂತಿನಿಂದ ಹೊರಗೆ ಬಿಡುತ್ತದೆ. ಆ ನೀರಿನ ದಾರದ ಮೇಲೆ ಯಾವಾಗಲೂ ಕಣ್ಣಿರಬೇಕು. ದಾರ ತುಂಡಾದರೆ ಮೋಟಾರು ಆಫ್. ಅದು ದಿನಾ ಬೆಳಿಗ್ಗೆ ಸರಿಯಾಗಿ ನಡುನೀರಿನಲ್ಲಿ ತುಂಡಾಗುತ್ತಿತ್ತು. ಮೊದಲು ದಾರ ಸಣ್ಣಗಾಗಿ, ಆಮೇಲೆ ಕೆಮ್ಮಿದ ಹಾಗೆ ತುಪುಕ್ ತುಪುಕ್ ಎಂದು ಉಗುಳಿ, ಕೊನೆಗೆ ಏನೂ ಇಲ್ಲ. ಕಾದ ಬಾಣಲೆಯ ವಾಸನೆ. ನಾನು ಆಫ್ ಮಾಡಿ ಹುಟ್ಟು ಎತ್ತಿಕೊಳ್ಳುತ್ತಿದ್ದೆ. ನಾವು ದಡ ಮುಟ್ಟುವಾಗ ಕೊಪ್ಪದ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತಿತ್ತು. ದಿನಾ ಹಾಲು ತರುವ ರೇಣುಕಪ್ಪ ಒಂದು ದಿನ, "ನಾಳೆಯಿಂದ ಮೊಸರೇ ತರ್ತೀನಿ ಮಾರಾಯ್ತಿ, ಹೇಗೂ ದಾರಿ ಮೇಲೆ ಹೆಪ್ಪಾಗ್ತದೆ" ಎಂದರು. ಎಲ್ಲರೂ ನಕ್ಕರು. ನನಗೆ ನೀರಿಗೆ ಹಾರಬೇಕು ಅನ್ನಿಸಿತು.

ಜಾಲರಿಯ ಪಾಚಿ ತೆಗೆದೆ. ಪಕ್ಕದ ತೂತಿಗೆ ತಂತಿ ಹಾಕಿ ನೋಡಿದೆ. ಆಮೇಲೆ ಮೆಕ್ಯಾನಿಕ್ ಕಾಂತೇಶಣ್ಣ ಬಂದು ಬಿಚ್ಚಿ, ನೀರೆತ್ತುವ ರಬ್ಬರಿನ ಚಕ್ರ ಸವೆದಿದೆ ಎಂದು ಹೊಸದು ಹಾಕಿದರು. ಅವರ ಅಂಗಡಿಯ ಮುಂದೆ ಡ್ರಮ್ಮಿನ ನೀರಿಗೆ ಇಳಿಸಿ ಓಡಿಸಿದರೆ ದಾರ ನನ್ನ ಕಿರುಬೆರಳಿನಷ್ಟು ದಪ್ಪ ಬಂತು. ನಾನೊಬ್ಬಳೇ ಆಚೆ ದಡಕ್ಕೆ ಹೋಗಿ ಬಂದೆ, ಆಗಲೂ ತಣ್ಣಗೆ ಇತ್ತು. ಮಾರನೆಯ ದಿನ ಜನ ಹತ್ತಿದರು, ಅದು ಕಾದುಬಿಟ್ಟಿತು! ಪಾಪ, ಕಾಂತೇಶಣ್ಣ ಮತ್ತೆ ಬಂದು ಮೇಲಿಂದ ಕೆಳಗೆ ನೋಡಿ, "ಮೋಟಾರಲ್ಲಿ ಎಂತದೂ ಇಲ್ಲ ತಂಗಿ. ನಿನ್ನ ಹಾಗೇ ಅದಕ್ಕೂ ಜನ ಕಂಡ್ರೆ ನಾಚಿಕೆ" ಎಂದರು. ಆ ಮಾತು ಕಡವಿನಲ್ಲೆಲ್ಲ ಹರಡಿತು. ನಿಮಗೆ ಕೊಪ್ಪದಲ್ಲಿ ಕೇಳಿಸಿದ್ದೂ ಅದೇ ಇರಬೇಕು.

ಹೋದ ಮಂಗಳವಾರ ದಾದಿಮಾ, ಆಚೆ ದಡದ ಸೀತಕ್ಕನ ಮೊಮ್ಮಗುವನ್ನು ನೋಡಬೇಕು ಎಂದು ಹೊರಟರು. ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಮೋಟಾರಿನ ಪಕ್ಕ, ನನಗೆ ಒತ್ತಿಕೊಂಡು ಕೂತರು. ದೋಣಿ ಹೊರಟ ಮೇಲೆ ಸುತ್ತ ನೋಡಿದರು. ಗಂಡಸರೆಲ್ಲ ಮುಂದೆ, ದೋಣಿಯ ಮೂತಿಯ ಕಡೆ, ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಕೂತಿದ್ದರು, ನಮ್ಮ ಕಡೆ ಎರಡು ಹಲಗೆ ಖಾಲಿ. "ಏನ್ರಪ್ಪಾ, ನನ್ನ ಮೊಮ್ಮಗಳು ಕಚ್ತಾಳಾ? ಇಲ್ಲಿ ಬನ್ನಿ, ಒಬ್ಬಳೇ ಎಲೆ ಹಾಕಿದ್ರೆ ನನಗೆ ರುಚಿ ಆಗೋದಿಲ್ಲ" ಎಂದು ಕೂಗಿದರು. ದಾದಿಮಾ ಕರೆದರೆ ಬಾರದೆ ಇರುವವರು ಯಾರು? ಒಬ್ಬೊಬ್ಬರೇ ಹಿಂದೆ ಬಂದು ಕೂತರು. ಅವತ್ತು ನೀರಿನ ದಾರ ಆಚೆ ದಡದ ತನಕ ತುಂಡಾಗಲೇ ಇಲ್ಲ ಅಬ್ಬಾ! ಬರುವಾಗಲೂ ಇಲ್ಲ. ದಾದಿಮಾ ಇದು ತಮ್ಮದೇ ಕೈಗುಣ ಎಂದು ಹೇಳಿ ಮಲಗಿಬಿಟ್ಟರು.

ನನಗೆ ಮಾತ್ರ ತಲೆಯೊಳಗೆ ಏನೋ ಗುಂಯ್ ಎನ್ನುತ್ತಿತ್ತು. ಅನ್ನಕ್ಕೆ ಇಟ್ಟು, ಬೋಗುಣಿಯ ನೀರಿನಲ್ಲಿ ಸೋಪಿನ ಡಬ್ಬಿ ತೇಲಿಬಿಟ್ಟೆ. ಅದರ ಹಿಂದೆ ಒಂದು ಪಿನ್ನು ಸಿಕ್ಕಿಸಿದೆ, ಅದು ಮೋಟಾರು. ದಾದಿಮಾರ ಚೀಲದ ಅಡಿಕೆಗಳೇ ಜನ. ಅಡಿಕೆಗಳನ್ನು ಮುಂದೆ ಕೂರಿಸಿದೆ. ಡಬ್ಬಿ ಮೂತಿ ತಗ್ಗಿಸಿತು, ಹಿಂಬದಿ ಎದ್ದಿತು, ಪಿನ್ನು ನೀರಿನಿಂದ ಮೇಲೆ ಬಂತು. ಹಿಂದೆ ಕೂರಿಸಿದೆ, ಮುಳುಗಿತು. ಅನ್ನ ತಳ ಹಿಡಿದದ್ದು ಆಮೇಲೆ ಗೊತ್ತಾಯಿತು.

ನಿಮ್ಮ ಕಾಲದಲ್ಲಿ ಎಲ್ಲರೂ ನಿಮ್ಮ ಸುತ್ತಲೇ ಕೂರುತ್ತಿದ್ದರು. ಬೀಡಿ, ನಗು, ಎಲೆಕ್ಷನ್ ಮಾತು. "ಮುಂದೆ ಹೋಗ್ರೋ, ದೋಣಿ ಹಿಂದಕ್ಕೆ ಜೋಲ್ತದೆ" ಎಂದು ನೀವು ಬೈದರೂ ಒಬ್ಬನೂ ಏಳುತ್ತಿರಲಿಲ್ಲ. ಅದಕ್ಕೇ ಅಲ್ಲವೇ ನೀವು ಮೋಟಾರಿನ ಕೆಳಗೆ ಹಲಸಿನ ಹಲಗೆ ಕೊಟ್ಟು ಎತ್ತರಿಸಿದ್ದು? ನಾನು ನಿಮ್ಮ ಅರ್ಧ ತೂಕವೂ ಇಲ್ಲ. ಮೇಲಾಗಿ ವಯಸ್ಸಿಗೆ ಬಂದ ಹುಡುಗಿ, ಬಾಯಿ ತೆಗೆಯುವುದಿಲ್ಲ. ಅದಕ್ಕೆ ಪಾಪ ಅವರೆಲ್ಲ ದೂರ ಕೂತರು. ಹಿಂಬದಿ ಎದ್ದು, ಜಾಲರಿ ನೀರಿನ ಬದಲು ಗಾಳಿ ಎಳೆಯುತ್ತಿತ್ತು. ಜನರ ಮರ್ಯಾದೆಗೇ ಮೋಟಾರು ಬಿಸಿಯಾಗುತ್ತಿತ್ತು ಅಬ್ಬಾ! ಕಾಂತೇಶಣ್ಣನಿಗೆ ಹೇಳಿದರೆ ತೊಡೆ ತಟ್ಟಿಕೊಂಡು ನಕ್ಕರು. ಹಲಗೆ ತೆಗೆದುಬಿಡೋಣವೇ ಎಂದು ಕೇಳಿದೆ. ತೆಗೆದರೆ ನೀರು ತಳ್ಳುವ ಫ್ಯಾನು ಕೆಳಗಿಳಿದು, ದಡದ ಹತ್ತಿರ ನೀರಿನಡಿ ಇರುವ ಮರದ ಬುಡಗಳಿಗೆ ಬಡಿಯುತ್ತದೆ, ಬೇಡ ಎಂದರು. "ನೀನೇ ಕರೆದು ಕೂರಿಸ್ಕೋಬೇಕು, ಬೇರೆ ರಿಪೇರಿ ಇಲ್ಲ ಇದಕ್ಕೆ."

ಮೋಟಾರು ಬಿಚ್ಚು ಎಂದಿದ್ದರೆ ಬಿಚ್ಚುತ್ತಿದ್ದೆ. ಜನರನ್ನು ಕರೆ ಎಂದರೆ! ಬುಧವಾರ ಬೆಳಿಗ್ಗೆ ಎಲ್ಲರೂ ಮಾಮೂಲಿನಂತೆ ಮುಂದೆ ಹೋಗಿ ಕೂತರು. "ಹಿಂದೆ ಬನ್ನಿ" ಎಂದೆ. ಮೋಟಾರಿನ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಎಂದೆ. ದಾರ ಸಣ್ಣಗಾಯಿತು, ಉಗುಳಿತು. ನಾನು ಆಫ್ ಮಾಡಿದೆ. ಇಡೀ ಹಿನ್ನೀರು ಒಮ್ಮೆಲೇ ಸುಮ್ಮನಾಯಿತು, ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಿವಿ ಮೋಟಾರಿಗಿಂತ ಹೆಚ್ಚು ಕಾದಿತ್ತು. ಕಣ್ಣು ಮುಚ್ಚಿಕೊಂಡು ಹೇಳಿದೆ: "ರೇಣುಕಪ್ಪಣ್ಣಾ, ಹಿಂದೆ ಬಂದು ಕೂತ್ಕೊಳ್ಳಿ. ಇಲ್ಲದಿದ್ರೆ ಇವತ್ತು ಹುಟ್ಟು ನಿಮಗೇ." ಆಮೇಲೆ ರೇಣುಕಪ್ಪ, "ಅರೆ! ಸತ್ತಾರ್ ಸಾಹೇಬ್ರ ಮಗಳಿಗೆ ಬಾಯಿ ಉಂಟು ಮಾರಾಯ್ರೆ!" ಎಂದು ಕ್ಯಾನು ಎತ್ತಿಕೊಂಡು ಎದ್ದರು. ಉಳಿದವರೂ ಬಂದರು. ಮೋಟಾರಿನ ಹಗ್ಗ ಎಳೆದೆ, ದಾರ ದಪ್ಪಗೆ ಬಿತ್ತು. ಈಗ ಇವರೊಡನೆ ಏನು ಮಾತಾಡುವುದು ಎಂಬ ಹೆದರಿಕೆ. "ನಿಮ್ಮ ಎಮ್ಮೆ ಕರು ಹಾಕಿತಾ?" ಎಂದು ಕೇಳಿದೆ, ಅಷ್ಟೇ. ದಡ ಮುಟ್ಟುವ ತನಕ ಅವರೇ ಮಾತಾಡಿದರು! ನನಗೆ ಈ ಗುಟ್ಟು ಯಾರೂ ಹೇಳಿರಲಿಲ್ಲ. ಮಾತಾಡಲು ನಾನು ಮಾತಾಡಬೇಕಾಗಿಯೇ ಇಲ್ಲ, ಒಂದು ಪ್ರಶ್ನೆ ಕೇಳಿದರೆ ಸಾಕು.

ಅವತ್ತಿನಿಂದ ಬಸ್ಸು ತಪ್ಪಿಲ್ಲ. ರೇಣುಕಪ್ಪ ನಿನ್ನೆ ಹುರಿದ ಶೇಂಗಾ ತಂದಿದ್ದರು, ನನಗೂ ಒಂದು ಮುಷ್ಟಿ ಕೊಟ್ಟರು. ಎಮ್ಮೆ ಹೆಣ್ಣು ಕರು ಹಾಕಿದೆ, ನಿಮಗೆ ಹೇಳಲು ಹೇಳಿದ್ದಾರೆ.

ಹೇಳಬೇಕಾದದ್ದು ಇನ್ನೊಂದು ಇದೆ, ಧೈರ್ಯ ಸಾಲುತ್ತಿಲ್ಲ. ಪಕ್ಕದ ಮನೆಯ ನವೀನ ಕೊಪ್ಪಕ್ಕೆ ಹೊರಟವನು, ಈ ಕಾಗದಕ್ಕಾಗಿ ಬೈಕ್ ಆಫ್ ಮಾಡದೆ ಬಾಗಿಲಲ್ಲಿ ನಿಂತಿದ್ದಾನೆ. ಅಮ್ಮಿಗೂ ಆಪಾಗೂ ನನ್ನ ಸಲಾಮ್. ನಿಮ್ಮ ಕಾಲಿಗಾಗಿ ದಾದಿಮಾ ಐದು ಹೊತ್ತೂ ದುಆ ಮಾಡುತ್ತಾರೆ, ನಾನು ನೀರಿನ ಮೇಲೆ ಇರುವಷ್ಟು ಹೊತ್ತೂ ಮಾಡುತ್ತೇನೆ.

ನಿಮ್ಮ ಮಗಳು,
ತಸ್ಮಿಯಾ

ಮರೆತದ್ದು (ಮರೆತದ್ದಲ್ಲ): ನಿನ್ನೆ ರಾಜೇಶಣ್ಣ ಬಂದಿದ್ದರು, ಜೊತೆಗೆ ಇಬ್ಬರು ಗೆಳೆಯರು. ಮೂವರೂ ಗಟ್ಟಿ ಆಳು. ಹುಡುಗಿ ಇದ್ದಾಳೆ ಎಂದು ಮರ್ಯಾದೆಯಿಂದ ಮೂತಿಗೇ ಹೋಗಿ ಕೂತರು. ನಾನು ಹಿಂದೆ ಕರೆಯಲಿಲ್ಲ. ನಡುನೀರಿನಲ್ಲಿ ದಾರ ತುಂಡಾಯಿತು. ಕೂಡಲೇ ಆಫ್ ಮಾಡಿದೆ, ಮೋಟಾರಿಗೆ ಏನೂ ಆಗಿಲ್ಲ, ಆಣೆ. ಹುಟ್ಟು ಅವರ ಕೈಗೇ ಕೊಟ್ಟೆ. ಹುಟ್ಟು ಹಾಕುತ್ತಾ ಅವರವರಲ್ಲೇ "ಬೇಡ ಮಾರಾಯ, ಇದು ಗುಜರಿ ಮಾಲು" ಎಂದುಕೊಂಡರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆ. ನಾನಾಗಿ ಮಾತಾಡುವವಳಲ್ಲ, ನಿಮಗೆ ಗೊತ್ತಲ್ಲ. ಇವತ್ತು ಅವರು ಬೇಡ ಎಂದು ನಿಮಗೆ ಫೋನ್ ಮಾಡುತ್ತಾರೆ. ಅಬ್ಬಾ, ಮಾರಲೇಬೇಕು ಎಂದು ನಿಮಗೆ ಇದ್ದರೆ ಅವರಿಗೆ ಹಿಂದೆ ಕೂತು ನೋಡಲು ಹೇಳಿ. ಮಾರುವುದು ಬೇಡ ಎಂದು ನಿಮಗೂ ಅನ್ನಿಸಿದರೆ ರಾತ್ರಿ ನಾನು ಫೋನ್ ಮಾಡುತ್ತೇನೆ, ಈ ಸಲ ಕೇಳುವವಳು ನಾನು. ನೀವು ಬರೇ "ಹ್ಞೂಂ" ಎನ್ನಿ, ಸಾಕು.