ಮುಚ್ಚಳದ ಒಳಗೆ ಬರೆದದ್ದು

ನವೆಂಬರ್ 13, ಗುರುವಾರ

ರೂಮಿನಲ್ಲಿ ಸೇಕುವಿನ ಮಂಚ ಇವತ್ತೂ ಖಾಲಿ. ನೋಡಿದಷ್ಟೂ ಮೈ ಉರಿಯುತ್ತದೆ.

ಈ ಪರದೇಶದಲ್ಲಿ ನಾವಿಬ್ಬರೂ ಕೆಲಸಕ್ಕಿದ್ದ ಹಳೇ ವಸ್ತುಗಳ ಅಂಗಡಿಯ ವಾಚ್‌ಮನ್ ಅವನು. ಮಾಡಿದ ತಪ್ಪೇನು? ಮಾರಾಟಕ್ಕೆ ಬಂದ ಮಣ್ಣಿನ ಗೊಂಬೆ ನೋಡಿ, "ಇದು ಮಾಲಿ ದೇಶದ ನಮ್ಮ ಜೆನ್ನೆ ಊರಿನದು, ಹೊಳೆ ಪಕ್ಕದ ಹಳೇ ದಿಬ್ಬ ಅಗೆದು ಕದ್ದದ್ದು" ಎಂದ. ಸಾವಿರ ವರ್ಷ ಹಳೆಯದಂತೆ. ನಮ್ಮೂರ ಕಡೆಯವನೇ ಆದ ಧಣಿ ವೇಯ್ನ್ ಮರುದಿನವೇ ಅವನ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಅಟ್ಟಿದ. ಏರ್‌ಪೋರ್ಟಿನಲ್ಲಿ ಸೇಕು ಅತ್ತದ್ದು ಗೊಂಬೆಗಾಗಿ, ಕೆಲಸಕ್ಕಲ್ಲ.

ಬಿಡುವವನಲ್ಲ ನಾನು. ಆ ಗೊಂಬೆಯನ್ನು ಲಂಡನ್ನಿಗೆ ಕಳಿಸುವ ಪೆಟ್ಟಿಗೆ ಮಾಡಿದ್ದು ನಾನೇ. ಕಳ್ಳಮಾಲು ಎಂದು ತಿಳಿಯದಿರಲಿ ಎಂದು ಧಣಿ ಹೊರಗೆ 'ಹೊಸ ಅಲಂಕಾರದ ಗೊಂಬೆ' ಎಂದು ಬರೆಸಿದ. ಅಪ್ಪ ತಾನು ಮಾಡಿದ ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಗೆ ಹೆಸರು, ತಾರೀಕು ಬರೆಯುತ್ತಿದ್ದರು. ನಾನೂ ಬರೆಯುತ್ತೇನೆ, ಧಣಿಗೂ ಗೊತ್ತು. ಇವತ್ತು ಅಲ್ಲೇ ಸೇಕು ಹೇಳಿದ್ದನ್ನೆಲ್ಲ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅಲ್ಲಿನ ಕಸ್ಟಮ್ಸ್‌ನವರು ತೆರೆದ ಕೂಡಲೇ ಕಾಣಬೇಕು. ಮುಚ್ಚಳ ಮುಚ್ಚಿ ಸ್ಕ್ರೂ ಹಾಕುತ್ತಿದ್ದಾಗ ಧಣಿ ಬಂದ.

"ಏನು ಆಚಾರ್ರೆ, ನಿಮ್ಮ ಹೆಸರು ಬರೆದಾಯ್ತಾ ಮಾರಾಯ್ರೆ?" ಎಂದು ನಕ್ಕ.

"ಈ ಸಲ ನಿಮ್ಮದೂ ಬರೆದಿದ್ದೇನೆ ಸರ್."

ಖುಷಿಯಿಂದ ನನ್ನ ಬೆನ್ನು ತಟ್ಟಿ, ಕೊನೆಯ ಸ್ಕ್ರೂ ತಾನೇ ತಿರುಗಿಸಿದ.