ನಿನ್ನ ಅಳತೆಯ ಬುಟ್ಟಿ

ಕಸ್ತೂರಕ್ಕಾ,

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ನೀನು ತೀರಿಹೋದ ಎರಡು ವರ್ಷಕ್ಕೆ ನಾನು ಇವರ ಕೈಹಿಡಿದು ಹೂವಿನ ಹಿಪ್ಪರಗಿಯ ಈ ಮನೆಗೆ ಬಂದೆ. ನಿನ್ನ ಅಶ್ವಿನಿಗೆ ಆಗ ಒಂಬತ್ತು ವರ್ಷ. ಆ ನಾಗರ ಪಂಚಮಿಗೆ ಇವರು ನಿನ್ನ ಬಿದಿರಿನ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, "ಕಸ್ತೂರಿ ಮಗಳಿಗೆ ಹಿಂಗ ತುಂಬಿ ಕೊಡತಿದ್ಲು" ಎಂದು ತೋರಿಸಿದರು. ಐದು ಶೇಂಗಾ ಉಂಡಿ, ಐದು ರವೆ ಉಂಡಿ, ಅವುಗಳ ಮೇಲೆ ಕೆಂಪು ದಾರ ಪೋಣಿಸಿದ ಕೊಬ್ಬರಿ ಬಟ್ಟಲು. ಅಶ್ವಿನಿ ಬಟ್ಟಲನ್ನು ಗಿರಗಿರ ಆಡಿಸಿ, ಸಾಕಾದ ಮೇಲೆ ನಿನ್ನ ಫೋಟೋದ ಮೊಳೆಗೆ ತೂಗುಹಾಕುತ್ತಿದ್ದಳು. ಹದಿಮೂರು ವರ್ಷ ನಾನು ಒಂದು ಉಂಡಿಯನ್ನೂ ಹೆಚ್ಚುಕಡಿಮೆ ಮಾಡಲಿಲ್ಲ.

ಅವಳೀಗ ಮುದ್ದೇಬಿಹಾಳದಲ್ಲಿ ನರ್ಸ್. ನಿನ್ನೆ ಪಂಚಮಿಗೆ ಬಂದಿದ್ದಳು. ಹೊರಡುವಾಗ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಕೈಗಿಟ್ಟೆ. ಅವಳು ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

"ಚಿಗವ್ವ, ನಾ ಈಗ ಸಣ್ಣಾಕಿ ಅಲ್ಲ. ನಮ್ಮವ್ವನ ಸಲುವಾಗಿ ಇಷ್ಟ ವರ್ಷ ಮಾಡಿದಿ. ಇನ್ನ ಸಾಕು, ಆರಾಮ ಇರು."

ಸಿಟ್ಟಿನಿಂದ ಅಂದಿದ್ದರೆ ನಾನೂ ಒಂದು ಮಾತು ಅನ್ನುತ್ತಿದ್ದೆ. ಪ್ರೀತಿಯಿಂದಲೇ ಅಂದಳು.

"ಹಂಗ ಆಗಲಿ. ಬಸ್ಸಿಗೆ ಹೊತ್ತಾತು, ನಡಿ" ಎಂದೆ.

ಅವಳು ಹೋದ ಮೇಲೆ ಬುಟ್ಟಿಯನ್ನು ಒಳಗೆ ತಂದೆ. ಕೊಬ್ಬರಿ ಬಟ್ಟಲನ್ನು ನಾನೇ ನಿನ್ನ ಮೊಳೆಗೆ ಹಾಕಿದೆ. ಶೇಂಗಾ ಉಂಡಿ, ರವೆ ಉಂಡಿ ನೆರೆಮನೆಗೆ ಕೊಟ್ಟೆ.

ಈ ವರ್ಷ ಮೊದಲ ಸಲ, ನಿನ್ನ ಉಂಡಿಗಳ ಕೆಳಗೆ, ತವರೂರು ತಾಂಬಾದಲ್ಲಿ ನನ್ನವ್ವ ನನಗೆ ಮಾಡಿಕೊಡುತ್ತಿದ್ದಂಥ ಎರಡು ಎಳ್ಳುಂಡಿ ಇಟ್ಟಿದ್ದೆ, ಅಕ್ಕಾ. ಅಶ್ವಿನಿ ಬಟ್ಟೆ ಸರಿಸಿ ನೋಡಲೇ ಇಲ್ಲ.